ಬಚ್ಚಲೊಲೆಯ ಬೆಂಕಿ, ಬ್ಲಫಿನ ಕರೆಂಟು

1902ರ ಜೂನ್ 30ರಂದು ಮಳವಳ್ಳಿ ತಾಲ್ಲೂಕಿನ ಬ್ಲಫ್ ಎಂಬ ಊರಿನಲ್ಲಿ ಕಾವೇರಿ ನೀರು ಸುಮಾರು 400 ಅಡಿ ಕೆಳಕ್ಕೆ ಧುಮುಕಿ ಟರ್ಬೈನುಗಳನ್ನು ತಿರುಗಿಸಿತು. ಅಲ್ಲಿ ಹುಟ್ಟಿದ ಕರೆಂಟು ಕನಕಪುರದ ಮೇಲೆ ಹಾದು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿ ಸೇರಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದ ಲೈನುಗಳು ಆಗ ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಆ ತಂತಿಯ ನೆರಳು ಬೀಳುತ್ತಿದ್ದ ಹಳ್ಳಿಗಳಲ್ಲಿ ಮಾತ್ರ ಅವತ್ತು ಸಂಜೆಯೂ ಸೀಮೆಣ್ಣೆ ಬುಡ್ಡಿಯೇ ಉರಿಯಿತು, ಸ್ನಾನದ ನೀರು ಬಚ್ಚಲೊಲೆಯ ಮೇಲೆಯೇ ಕಾಯಿತು.

ಈ ಯೋಜನೆಗೆ ಬೆನ್ನೆಲುಬಾಗಿ ನಿಂತ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ಕಣ್ಣಾರೆ ಕಾಣಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಯೋಜನೆಯ ರೂಪುರೇಷೆ ಹಾಕಿದವನು ಮೈಸೂರು ಸರ್ಕಾರದ ಎಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯರ್. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು, ಟರ್ಬೈನುಗಳು ಸ್ವಿಟ್ಜರ್‌ಲೆಂಡಿನ ಎಷರ್ ವೀಸ್‌ನವು. ಹತ್ತಿರದ ರೈಲು ನಿಲ್ದಾಣವೆಂದರೆ ಮದ್ದೂರು. ಕಬ್ಬಿಣದ ಭಾರಿ ಭಾಗಗಳು ಎತ್ತಿನ ಗಾಡಿ ಏರಿ ಮಳವಳ್ಳಿ ದಾರಿ ಹಿಡಿದವು. ಬೆಂಗಳೂರಿಗೆ ಬೀದಿದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಕರೆಂಟು ಹುಟ್ಟಿದ ತಾಲ್ಲೂಕಿನ ಹಳ್ಳಿಗಳು ತಮ್ಮ ಸರದಿಗೆ ಎಷ್ಟೋ ದಶಕ ಕಾಯಬೇಕಾಯಿತು. ಹೆತ್ತಮ್ಮನ ಮನೆಯಲ್ಲಿ ಹಾಲಿಗೆ ಬರ ಎನ್ನುವಂಥ ಸ್ಥಿತಿ.

ಹಾಗೊಂದು ವೇಳೆ 1902ರಲ್ಲೇ ಮಳವಳ್ಳಿಯ ಬಚ್ಚಲಿಗೆ ತಂತಿ ಎಳೆದಿದ್ದರೂ ಅದರಿಂದ ನೀರು ಕಾಯಿಸುವುದು ಸುಲಭವಿರಲಿಲ್ಲ. ಗಂಟೆಗಟ್ಟಲೆ ಕೆಂಪಗೆ ಕಾದರೂ ಸುಟ್ಟು ಉದುರದ ತಂತಿ ಬೇಕಲ್ಲ, ಅದು ಇನ್ನೂ ಬಂದಿರಲಿಲ್ಲ. ನಿಕಲ್ ಮತ್ತು ಕ್ರೋಮಿಯಂ ಬೆರೆಸಿದ ಆ ತಂತಿಗೆ ಅಮೆರಿಕದ ಆಲ್ಬರ್ಟ್ ಮಾರ್ಷ್ ಪೇಟೆಂಟ್ ಪಡೆದದ್ದು 1906ರಲ್ಲಿ. ಇವತ್ತು ಮದ್ದೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ‘ಕಾಯ್ಲು’ ಎಂದು ಕೇಳಿದರೆ ಸಿಗುವ, ಬಕೆಟ್ಟಿನ ನೀರು ಕಾಯಿಸುವ ಸಾಮಾನಿನ ಹೊಟ್ಟೆಯಲ್ಲಿರುವುದು ಅದೇ ಜಾತಿಯ ತಂತಿ. ಬ್ಲಫಿನ ಮೊದಲ ಯಂತ್ರಗಳು ಸೆಕೆಂಡಿಗೆ 25 ಸೈಕಲ್ಲಿನವು, ಈಗಿನದು 50. ದೀಪಕ್ಕೂ ಮೋಟಾರಿಗೂ ಈ ವ್ಯತ್ಯಾಸ ದೊಡ್ಡದು. ನೀರು ಕಾಯಿಸುವ ತಂತಿ ಮಾತ್ರ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ.

ಮದ್ದೂರು, ಮಳವಳ್ಳಿ ಇರುವ ಮಂಡ್ಯ ಸೀಮೆಯಲ್ಲಿ ಕಾಯಿಸಬೇಕಾದದ್ದು ನೀರನ್ನು ಮಾತ್ರ. ಇಲ್ಲಿನ ಚಳಿ ಕೋಣೆ ಕಾಯಿಸುವಷ್ಟು ಘೋರವಲ್ಲ. ಮಾಗಿಯಲ್ಲಿ ಒಂದು ಕಂಬಳಿ ಹೆಚ್ಚು ಹೊದ್ದರೆ ಮುಗಿಯಿತು. ಇಂಗ್ಲೆಂಡಿನಲ್ಲಿ ನೆಲೆಸಿದ ಈ ಕಡೆಯ ಮಕ್ಕಳು ಊರಿಗೆ ಫೋನು ಮಾಡಿ ‘ಬಾಯ್ಲರ್ ಕೆಟ್ಟೋಗಿದೆ’ ಎಂದರೆ, ಅವರು ಹೇಳುತ್ತಿರುವುದು ಮನೆಯ ಎಲ್ಲ ಕೋಣೆಗೂ ಬಿಸಿನೀರಿನ ಕೊಳವೆ ಓಡಿಸುವ ಗೋಡೆ ಪೆಟ್ಟಿಗೆಯ ಮಾತು. ಇಲ್ಲಿ ಕೇಳಿಸಿಕೊಳ್ಳುವ ಅಜ್ಜಿಯ ಕಣ್ಣೆದುರು ಬರುವುದು ಬೇರೆಯದೇ ಬಾಯ್ಲರ್: ನಡುವೆ ಹೊಗೆಗೊಳವೆ, ಸುತ್ತ ನೀರು, ಕೆಳಗೆ ಇದ್ದಿಲು ಹಾಕುವ ಬಾಯಿ, ಪಕ್ಕದಲ್ಲಿ ಹಿತ್ತಾಳೆ ನಲ್ಲಿ ಇರುವ ತಾಮ್ರದ ಉರುಳೆ. ಅದು ಪೇಟೆ ಮನೆಗಳ ಷೋಕಿ. ಹಳ್ಳಿಯ ಮನೆಗೆ ಹಂಡೆಯೇ ಗತಿ, ಹಂಡೆಯೇ ಸಿರಿ.

ಹಂಡೆಯನ್ನು ಬಚ್ಚಲ ಮೂಲೆಯಲ್ಲಿ ಮಣ್ಣಿನ ಒಲೆ ಕಟ್ಟಿ ಕೂರಿಸುತ್ತಿದ್ದರು. ಒಲೆಯ ಬಾಯಿ ಕೆಲವು ಮನೆಗಳಲ್ಲಿ ಹೊರಗಿನ ಹಿತ್ತಿಲಿಗೆ ತೆರೆದಿರುತ್ತಿತ್ತು, ಹೊಗೆ ಒಳಕ್ಕೆ ಬಾರದಿರಲೆಂದು. ಸೌದೆಗಾಗಿ ಮಂಡ್ಯ ಸೀಮೆಯವರು ಕಾಡಿಗೆ ಹೋಗಬೇಕಾದ ಪ್ರಮೇಯ ಕಡಿಮೆ. ಮದ್ದೂರಿನ ತೋಟಗಳಲ್ಲಿ ತೆಂಗಿನ ಮಟ್ಟೆ, ಸೋಗೆ, ಹೊಂಬಾಳೆ, ಕರಟ ಬಿದ್ದಿರುತ್ತಿದ್ದವು. ನಾಲೆ ಬಯಲಿನಲ್ಲಿ ಹಾಲು ಹಿಂಡಿದ ಕಬ್ಬಿನ ರಚ್ಚು. ಒಂದೊಂದಕ್ಕೂ ಒಂದೊಂದು ಗುಣ. ಸೋಗೆ ಭಗ್ಗೆಂದು ಹತ್ತಿ ಅಷ್ಟೇ ಬೇಗ ಆರುತ್ತದೆ, ಹೊತ್ತಿಸಲಿಕ್ಕೆ ಸರಿ. ಮಟ್ಟೆಯ ಬುಡ ನಿಧಾನಕ್ಕೆ ಉರಿದು ಕೆಂಡ ನಿಲ್ಲಿಸುತ್ತದೆ. ಬೆಳಿಗ್ಗೆ ಉರಿ, ಮಧ್ಯಾಹ್ನ ಕೆಂಡ, ಸಂಜೆ ಬೂದಿಯ ಕಾವು. ಹೊಲದಿಂದ ಬಂದವರಿಗೆ ಕೈಕಾಲು ತೊಳೆಯಲು ಆಗಲೂ ಬೆಚ್ಚನೆ ನೀರು.

ಈ ವ್ಯವಸ್ಥೆಯಲ್ಲಿ ಕಾವನ್ನು ಹತೋಟಿಯಲ್ಲಿಡುತ್ತಿದ್ದುದು ಮನೆಯ ಹೆಂಗಸು. ಹೆಚ್ಚಾದರೆ ಸೌದೆ ಹಿಂದಕ್ಕೆ ಎಳೆದಳು, ಕಡಿಮೆಯಾದರೆ ಮುಂದಕ್ಕೆ ನೂಕಿದಳು, ನೀರು ತಳಕ್ಕಿಳಿದರೆ ತಂಬಿಗೆ ಹೊಡೆದ ಸದ್ದಿನಲ್ಲೇ ಗೊತ್ತು ಮಾಡಿಕೊಂಡಳು. ಬಾಣಂತಿ ನೀರಿಗೆ ಎಷ್ಟು ಬಿಸಿ, ಕೂಸಿಗೆ ಎಷ್ಟು ಎನ್ನುವುದು ಮೊಣಕೈ ಅದ್ದಿ ತಿಳಿಯುವ ಲೆಕ್ಕ. ಸ್ನಾನದ ನೀರಿನ ಚರಿತ್ರೆಯಲ್ಲಿ ಥರ್ಮೋಸ್ಟ್ಯಾಟ್ ಎಂಬ ಪದ ಬರುವ ತನಕ ಆ ಕೆಲಸಕ್ಕೆ ಸಂಬಳವೂ ಇರಲಿಲ್ಲ, ಹೆಸರೂ ಇರಲಿಲ್ಲ.

ಇದೇ ಜಾಣ್ಮೆ ಆಲೆಮನೆಯಲ್ಲಿ ಗಂಡಸಿನ ಕೈಗೆ ಬಂದು ಕಸುಬಾಯಿತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಪಾಕ ನೋಡುವವನು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ಅವನು ತಲೆಯಾಡಿಸುವವರೆಗೆ ಒಲೆಗೆ ರಚ್ಚು ಬೀಳುತ್ತಲೇ ಇರಬೇಕು. ಕೆಆರ್‌ಎಸ್ ಅಣೆಕಟ್ಟೆಯ ನೀರು ನಾಲೆಗೆ ಬಿದ್ದ ಮೇಲೆ ಈ ಬಯಲಿನಲ್ಲಿ ಕಬ್ಬು ಹಬ್ಬಿತು. ಬ್ಲಫಿನ ಯಂತ್ರಗಳು ಬೇಸಿಗೆಯಲ್ಲಿ ನೀರಿಲ್ಲದೆ ಸೊರಗಬಾರದು ಎನ್ನುವುದೂ ಆ ಅಣೆಕಟ್ಟೆ ಕಟ್ಟಲು ಒಂದು ಮುಖ್ಯ ಕಾರಣವಾಗಿತ್ತು. ಕರೆಂಟಿಗಾಗಿ ಕಟ್ಟಿದ ಕಟ್ಟೆ ಕಬ್ಬು ಬೆಳೆಸಿತು, ಕಬ್ಬಿನ ರಚ್ಚು ಸ್ನಾನದ ನೀರು ಕಾಯಿಸಿತು. ಬಚ್ಚಲಿಗೆ ಬ್ಲಫಿನ ಬಿಸಿ ಮುಟ್ಟಿದ ಮೊದಲ ದಾರಿ ಇದೇ ಎಂದರೆ ಅಷ್ಟೇನೂ ಸುಳ್ಳಲ್ಲ.

1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕೃಷಿ ಇಲಾಖೆಯ ನಿರ್ದೇಶಕನಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಇದರ ಹಿಂದಿನ ದೊಡ್ಡ ಶಕ್ತಿ. ಊರಿನವರ ಬಾಯಲ್ಲಿ ಅದು ‘ಮೈಷುಗರ್’ ಆಯಿತು. ರಚ್ಚು ಉರಿಸಿ ಹಬೆ ಎಬ್ಬಿಸುವ ನಿಜವಾದ ಬಾಯ್ಲರ್ ಅಲ್ಲಿತ್ತು. ಬಾಯ್ಲರ್ ಕಾಯಿದೆಯ ಪ್ರಕಾರ ಅಂಥ ಬಾಯ್ಲರನ್ನು ಸರ್ಕಾರದ ಇನ್ಸ್‌ಪೆಕ್ಟರ್ ನೋಡಿ ಒಪ್ಪಿಗೆ ಕೊಡಬೇಕು. ನೀರಿನ ಮಟ್ಟ ತೋರುವ ಗಾಜಿನ ಕೊಳವೆ, ಒತ್ತಡದ ಗಡಿಯಾರ, ಮಿತಿ ಮೀರಿದರೆ ತಾನೇ ತೆರೆದುಕೊಳ್ಳುವ ವಾಲ್ವು ಇರಲೇಬೇಕು. ಕಣ್ಣು, ಕಿವಿ, ಬೆರಳಿನಿಂದ ತಿಳಿಯುತ್ತಿದ್ದುದನ್ನು ಉಪಕರಣಕ್ಕೆ ಒಪ್ಪಿಸುವ ಪದ್ಧತಿಯನ್ನು ಮಂಡ್ಯದವರು ಮೊದಲು ಕಂಡದ್ದು ಕಾರ್ಖಾನೆಯ ಕಾಂಪೌಂಡಿನೊಳಗೆ. ಅದು ಬಚ್ಚಲಿಗೆ ಬಂದದ್ದು ಬಹಳ ತಡವಾಗಿ, ಬೇರೊಂದು ಬಾಗಿಲಿನಿಂದ.

ಆ ಬಾಗಿಲು ಪಂಪ್‌ಸೆಟ್ಟಿನ ಮನೆ.

ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ 1957ರಲ್ಲಿ ಹುಟ್ಟಿತು, ರಾಜ್ಯದ ಹೆಸರು ಬದಲಾದ ಮೇಲೆ ಕೆಇಬಿ ಆಯಿತು. ಅನಂತರ ಕೆಪಿಟಿಸಿಎಲ್ ಬಂತು, ಮಂಡ್ಯ ಜಿಲ್ಲೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಪಾಲಾಯಿತು. ಊರವರಿಗೆ ಮಾತ್ರ ಲೈನ್‌ಮನ್ ಇವತ್ತಿಗೂ ‘ಕೆಇಬಿಯವ್ನು’. ಹಳ್ಳಿಗೆ ಕರೆಂಟು ಬಂದಾಗ ಹೆಚ್ಚಿನ ಮನೆಗಳು ಮೊದಲು ಪಡೆದದ್ದು ಒಂದೋ ಎರಡೋ ಬಲ್ಬು. ದುಡ್ಡಿದ್ದವರು ಗದ್ದೆ ಬಾವಿಗೆ ಮೋಟಾರು ಇಟ್ಟರು. ನಾಲೆಯ ಕೊನೆಭಾಗದ ಮದ್ದೂರು, ಮಳವಳ್ಳಿ ಜಮೀನುಗಳಿಗೆ ಬಾವಿಯೂ ಬೋರೂ ಇಲ್ಲದೆ ನಡೆಯದು. ಹಾಗಾಗಿ ವೈರು ಓದುವ ವಿದ್ಯೆ ಇಲ್ಲಿ ಬಚ್ಚಲಿಗಿಂತ ಮುಂಚೆ ಗದ್ದೆಯ ಬದುವಿನಲ್ಲಿ ಬೆಳೆಯಿತು.

ಸ್ಟಾರ್ಟರಿನ ಡಬ್ಬಿ ತೆರೆದು ನೋಡಿದವರಿಗೆ ಗೊತ್ತು, ಅದರಲ್ಲಿ ಎರಡು ದಾರಿಗಳಿವೆ. ದಪ್ಪ ವೈರುಗಳದ್ದು ಮೋಟಾರಿಗೆ ಹೋಗುವ ದಾರಿ. ಸಣ್ಣ ವೈರುಗಳದ್ದು ಅಪ್ಪಣೆಯ ದಾರಿ. ಹಸಿರು ಗುಂಡಿ ಒತ್ತಿದರೆ ಒಂದು ಸಣ್ಣ ಕಾಯಿಲಿಗೆ ಕರೆಂಟು ಹೋಗಿ, ಅದು ಅಯಸ್ಕಾಂತವಾಗಿ ಪಟ್ಟಿಗಳನ್ನು ಎಳೆದು ಹಿಡಿಯುತ್ತದೆ. ಗುಂಡಿ ಬಿಟ್ಟರೂ ಬಿಡದಂತೆ ಅದೇ ಎಳೆತದಲ್ಲಿ ಕೂಡುವ ಇನ್ನೊಂದು ಪಟ್ಟಿ ಕಾಯಿಲಿಗೆ ಕರೆಂಟು ಉಣಿಸುತ್ತಿರುತ್ತದೆ. ಕೆಂಪು ಗುಂಡಿ ಒತ್ತಿದರೆ, ಕರೆಂಟು ಹೋದರೆ, ಅಥವಾ ಮೋಟಾರು ಹೆಚ್ಚು ಆಂಪಿಯರ್ ಎಳೆದು ಓವರ್‌ಲೋಡ್ ರಿಲೇ ಬಿಸಿಯಾಗಿ ಬಾಗಿದರೆ ಹಿಡಿತ ತಪ್ಪುತ್ತದೆ. ‘ಸ್ಟಾರ್ಟರ್ ಹಿಡೀತಿಲ್ಲ’ ಎಂಬ ಎರಡು ಪದದ ದೂರಿಗೆ ಹತ್ತು ಕಾರಣಗಳಿರಬಹುದು: ಒಂದು ಫೇಸ್ ಇಲ್ಲ, ಕಾಯಿಲು ಸುಟ್ಟಿದೆ, ಪಟ್ಟಿಯ ಮೇಲೆ ಕರಿ ಕೂತಿದೆ, ಹಲ್ಲಿಯೊಂದು ನಡುವೆ ಸಿಕ್ಕಿ ಸತ್ತಿದೆ. ಹಲ್ಲಿಯದು ತಮಾಷೆಯಲ್ಲ, ಬಿಚ್ಚಿದವರನ್ನು ಕೇಳಿ.

ಐಟಿಐ ಓದಿದವರೂ, ಓದದೆ ಮಾವನ ಹಿಂದೆ ಸೈಕಲ್ ಮೇಲೆ ತಿರುಗಿ ಕಲಿತವರೂ ಇಲ್ಲಿ ಒಂದೇ ಪಾಠ ಕಲಿತರು. ಮೊದಲು ಕರೆಂಟು ಬಂದಿದೆಯೇ ನೋಡು, ಆಮೇಲೆ ಅಪ್ಪಣೆ ಹೋಗಿದೆಯೇ ನೋಡು, ಕೊನೆಗೆ ಮೋಟಾರನ್ನು ಬೈ. ಕೈಯಲ್ಲಿದ್ದ ಆಯುಧ ಟೆಸ್ಟರು ಮತ್ತು ಹೋಲ್ಡರಿಗೆ ಎರಡು ವೈರು ಸಿಕ್ಕಿಸಿದ ಟೆಸ್ಟ್ ಲ್ಯಾಂಪು. ಎರಡು ಫೇಸುಗಳ ನಡುವೆ ನೋಡಬೇಕಾದರೆ ಎರಡು ಬಲ್ಬುಗಳನ್ನು ಸೀರೀಸಿನಲ್ಲಿ ಕಟ್ಟಬೇಕು. ಅಲ್ಲಿರುವುದು 400 ವೋಲ್ಟು, ಒಂದೇ ಬಲ್ಬಾದರೆ ಢಂ ಎನ್ನುತ್ತದೆ.

ಮನೆಯ ನೀರು ಕಾಯಿಸಲು ಕರೆಂಟು ಬಳಸುವುದು ಬಹಳ ಕಾಲ ಪೇಟೆಯ ದೊಡ್ಡ ಮನೆಗಳ ಮಾತಾಗಿತ್ತು. ಕರೆಂಟು ಬಿಲ್ಲಿನಲ್ಲಿ ಕಾಣುತ್ತಿದ್ದ ‘ಎಇಎಚ್’ ಎಂಬ ಮೂರಕ್ಷರ, ಅಂದರೆ ಆಲ್ ಎಲೆಕ್ಟ್ರಿಕ್ ಹೋಮ್, ಒಂದು ಅಂತಸ್ತಿನ ಗುರುತು. ಅದಿಲ್ಲದ ಮನೆಯ ವೈರಿಂಗ್ ಮರದ ಪಟ್ಟಿಯ ಮೇಲೆ ಮೊಳೆ ಹೊಡೆದು ಕೂರಿಸಿದ್ದು, ನಾಲ್ಕು ಬಲ್ಬು ಮತ್ತು ಒಂದು ಫ್ಯಾನಿನ ಭಾರಕ್ಕೆ ಲೆಕ್ಕ ಹಾಕಿದ್ದು. ಅದೇ ವೈರಿಗೆ 1500 ವ್ಯಾಟಿನ ಕಾಯ್ಲು ಸಿಕ್ಕಿಸಿದ ಮೇಲೆ ನಡೆದದ್ದನ್ನು ಊಹಿಸುವುದು ಕಷ್ಟವಲ್ಲ. ಎರಡು ಕಾಲಿನ ಪ್ಲಗ್ಗು, ಅರ್ತ್ ಇಲ್ಲ, ಪ್ಲಾಸ್ಟಿಕ್ ಬಕೆಟ್ಟು. ಪ್ಲಗ್ ಕರಗಿತು, ಫ್ಯೂಸ್ ಹೋಯಿತು. ಪಿಂಗಾಣಿ ಫ್ಯೂಸಿಗೆ ವೈರಿನ ಒಂದೆಳೆಯ ಬದಲು ನಾಲ್ಕೆಳೆ ಕಟ್ಟಿದರು. ಆಮೇಲೆ ಫ್ಯೂಸ್ ಹೋಗಲಿಲ್ಲ, ಗೋಡೆಯ ಮೇಲಿನ ವೈರು ಹೋಯಿತು. ನೀರು ಕಾದಿದೆಯೇ ಎಂದು ಸ್ವಿಚ್ಚು ಆರಿಸದೆ ಬೆರಳು ಅದ್ದಿದವರು ಹಂಡೆಯ ಕಾಲದ ಅಭ್ಯಾಸವನ್ನೇ ಮುಂದುವರಿಸಿದ್ದರು. ಒಲೆ ಆ ತಪ್ಪನ್ನು ಕ್ಷಮಿಸುತ್ತಿತ್ತು.

ಗೀಸರ್ ಎಂಬ ಹೆಸರಿನ ಮೂಲ ಐಸ್‌ಲೆಂಡಿನ ಒಂದು ಬಿಸಿನೀರ ಬುಗ್ಗೆ. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾಘನ್ ಎಂಬಾತ ತಾನು ಮಾಡಿದ ಗ್ಯಾಸಿನ ನೀರೊಲೆಗೆ ಆ ಹೆಸರಿಟ್ಟ. ಅದಕ್ಕೆ ಹೊಗೆ ಹೋಗಲು ಕೊಳವೆಯೇ ಇರಲಿಲ್ಲ! ಹೆಸರು ಕಡಲು ದಾಟಿ ಬಂದು ಕನ್ನಡದಲ್ಲಿ ಗೀಜರ್, ಗೀಸರ್, ಗೀಸ್ರು ಆಯಿತು.

ವಿದ್ಯುತ್ ಗೀಸರಿನ ಒಳಗಿನ ವೈರಿಂಗ್ ಸ್ಟಾರ್ಟರಿಗಿಂತ ಸರಳ, ಅಷ್ಟೇ ಮೋಸಗಾರ. ಕೆಂಪು ವೈರಿನ ಫೇಸ್ ಮೊದಲು ಥರ್ಮೋಸ್ಟ್ಯಾಟಿಗೆ, ಅಲ್ಲಿಂದ ಕಟ್‌ಔಟಿಗೆ, ಅಲ್ಲಿಂದ ಎಲಿಮೆಂಟಿಗೆ ಹೋಗುತ್ತದೆ. ಕಪ್ಪು ವೈರಿನ ನ್ಯೂಟ್ರಲ್ ಎಲಿಮೆಂಟಿನ ಇನ್ನೊಂದು ತುದಿಯಿಂದ ವಾಪಸು. ಹಸಿರು ವೈರು ಟ್ಯಾಂಕಿನ ಮೈಯಿಂದ ಭೂಮಿಗೆ. ಥರ್ಮೋಸ್ಟ್ಯಾಟ್ ದಿನದ ಕೆಲಸಗಾರ, ನೀರು ಕಾದಾಗ ಬಿಟ್ಟು ಆರಿದಾಗ ಹಿಡಿಯುತ್ತದೆ. ಕಟ್‌ಔಟು ಕಾವಲುಗಾರ, ಥರ್ಮೋಸ್ಟ್ಯಾಟ್ ಕೈಕೊಟ್ಟರೆ ಮಾತ್ರ ಏಳುತ್ತದೆ. ಅದು ಒಮ್ಮೆ ಬಿಟ್ಟರೆ ಹಲವು ಗೀಸರುಗಳಲ್ಲಿ ಮುಚ್ಚಳ ತೆಗೆದು ಗುಂಡಿ ಒತ್ತುವ ತನಕ ಮತ್ತೆ ಹಿಡಿಯುವುದಿಲ್ಲ.

ಪಂಪ್‌ಸೆಟ್ಟಿನಲ್ಲಿ ಪಳಗಿದ ಎಲೆಕ್ಟ್ರಿಷಿಯನ್ ಬಚ್ಚಲಿಗೆ ಬಂದು ಮೊದಲು ಕೇಳುವುದು ಗೀಸರನ್ನಲ್ಲ, ಮನೆಯವರನ್ನು.

‘ಯಾವಾಗಿಂದ ಹಿಂಗಾಯ್ತಾ ಅದೆ, ಅಕ್ಕಾ?’

‘ಮೂರು ದಿನ ಆಯ್ತು ಕಣಪ್ಪ. ನಲ್ಲಿ ಮುಟ್ಟುದ್ರೆ ಜುಂ ಅಂತದೆ.’

‘ಸ್ವಿಚ್ ಆಫ್ ಮಾಡುದ್ರೂ ಅಂತದಾ?’

‘ಅಂತದೆ.’

ಅರ್ಧ ಕಾಯಿಲೆ ಅಷ್ಟರಲ್ಲೇ ಸಿಕ್ಕಿತು. ಸ್ವಿಚ್ಚು ಆರಿಸಿದರೂ ಶಾಕ್ ಹೊಡೆಯುತ್ತದೆ ಎಂದರೆ ಯಾರೋ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ಲಿಗೆ ಹಾಕಿರುವ ಸಾಧ್ಯತೆ ಹೆಚ್ಚು. ಜೊತೆಗೆ ಎಲಿಮೆಂಟಿನ ಹೊರಕೊಳವೆ ಸೀಳಿದೆ, ಅರ್ತ್ ಕೆಲಸ ಮಾಡುತ್ತಿಲ್ಲ. ಮೂರು ತಪ್ಪು ಕೂಡದೆ ಸ್ವಿಚ್ಚು ಆರಿಸಿದ ಮೇಲೂ ನಲ್ಲಿಯಲ್ಲಿ ‘ಜುಂ’ ಬರುವುದು ಅಪರೂಪ. ಇದ್ದಿಲು, ಉಪ್ಪು ತುಂಬಿ ಹೂಳಿದ ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗಿರುತ್ತದೆ. ಹಿಂದಿನವರು ಅದಕ್ಕೆ ದಿನಕ್ಕೊಂದು ಕೊಡ ನೀರು ಹಾಕುತ್ತಿದ್ದರು, ಈಗ ಅದರ ಮೇಲೆ ಸಿಮೆಂಟು ಹಾಕಿ ಬೈಕು ನಿಲ್ಲಿಸುತ್ತಾರೆ.

ಗೀಸರಿನ ದೀಪ ಉರಿಯುತ್ತಿದೆ, ನೀರು ತಣ್ಣಗಿದೆ ಎಂದರೆ ಸಂಶಯ ಎಲಿಮೆಂಟಿನ ಮೇಲೆ. ಎರಡು ಸಾವಿರ ವ್ಯಾಟಿನ ಎಲಿಮೆಂಟು ಸರಿಯಿದ್ದರೆ ಮೀಟರಿನಲ್ಲಿ 26 ಓಮ್ ಆಸುಪಾಸು ತೋರಬೇಕು. ಏನೂ ತೋರದಿದ್ದರೆ ತಂತಿ ಹರಿದಿದೆ. ದೀಪವೇ ಇಲ್ಲವೆಂದರೆ ಕರೆಂಟು ಬಂದಿಲ್ಲ, ಇಲ್ಲವೇ ಕಟ್‌ಔಟು ಬಿಟ್ಟಿದೆ. ನೀರು ಕುದಿದು ಹಬೆ ಬರುತ್ತಿದ್ದರೆ ಥರ್ಮೋಸ್ಟ್ಯಾಟಿನ ತುದಿಗಳು ಒಂದಕ್ಕೊಂದು ಬೆಸೆದುಕೊಂಡಿವೆ, ಕಾವಲುಗಾರನೂ ಕೈಕೊಟ್ಟಿದ್ದಾನೆ. ಹತ್ತು ನಿಮಿಷ ಸುಮ್ಮನಿದ್ದು, ಕಾದ ಮೇಲೆಯೇ ಟ್ರಿಪ್ ಆಗುವುದು ಎಲ್ಲಕ್ಕಿಂತ ಕಾಡುವ ರೋಗ. ತಣ್ಣಗಿದ್ದಾಗ ಮುಚ್ಚಿಕೊಂಡಿರುವ ಎಲಿಮೆಂಟಿನ ಬಿರುಕು ಬಿಸಿಗೆ ಬಾಯಿ ಬಿಡುತ್ತದೆ. 30 ಮಿಲಿ ಆಂಪಿಯರ್ ಸೋರಿದರೆ ಸಾಕು, ಕಾವಲು ಸ್ವಿಚ್ಚಾದ ಆರ್‌ಸಿಸಿಬಿ ಬೀಳುತ್ತದೆ. ಅದನ್ನೇ ಉಪದ್ರವ ಎಂದುಕೊಂಡು ತೆಗೆಸಿ ಹಾಕುವವರಿದ್ದಾರೆ. ಬೊಗಳುವ ನಾಯಿಯನ್ನು ಕಟ್ಟಿಹಾಕಿ ಕಳ್ಳನಿಗೆ ದಾರಿ ಬಿಟ್ಟಂತೆ.

ಟೆಸ್ಟರು ಕೂಡ ಸುಳ್ಳು ಹೇಳುವುದುಂಟು. ಪ್ಲಗ್ಗಿನ ಎರಡೂ ತೂತಿನಲ್ಲಿ ದೀಪ ಹತ್ತಿದರೆ ಹೊಸಬ ‘ಡಬಲ್ ಕರೆಂಟು ಬಂದಿದೆ’ ಎಂದು ಹೆದರುತ್ತಾನೆ. ಹಳಬನಿಗೆ ಗೊತ್ತು, ಎಲ್ಲೋ ನ್ಯೂಟ್ರಲ್ ಹರಿದಿದೆ, ಫೇಸೇ ಮನೆಯ ಬಲ್ಬುಗಳ ಮೂಲಕ ಸುತ್ತಿ ಬಂದು ಆ ಕಡೆ ನಿಂತಿದೆ. ಕಂಬದಲ್ಲೇ ನ್ಯೂಟ್ರಲ್ ಹರಿದರೆ ಇನ್ನೂ ಕಷ್ಟ. ಒಂದು ಸಾಲಿನ ಮನೆಗಳಲ್ಲಿ ಬಲ್ಬು ಮಂಕು, ಇನ್ನೊಂದು ಸಾಲಿನಲ್ಲಿ ಟಿವಿ ಸುಟ್ಟ ವಾಸನೆ.

ಹಳ್ಳಿಯಲ್ಲಿ ಗೀಸರ್ ಕೆಟ್ಟಿತೆಂದು ಬರುವ ದೂರುಗಳಲ್ಲಿ ಗೀಸರಿನದಲ್ಲದ ತಪ್ಪೂ ಒಂದಿದೆ. ಹದಿನೈದು ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಎರಡು ಸಾವಿರ ವ್ಯಾಟಿನ ಗೀಸರಿಗೆ 230 ವೋಲ್ಟಿನಲ್ಲಿ ಸುಮಾರು 18 ನಿಮಿಷ ಸಾಕು. ಟ್ರಾನ್ಸ್‌ಫಾರ್ಮರಿನಿಂದ ದೂರದ ಕೊನೆಯ ಮನೆಗೆ 160 ವೋಲ್ಟು ಮಾತ್ರ ಬಂದರೆ ವೋಲ್ಟು ಮೂರನೇ ಒಂದು ಪಾಲಿನಷ್ಟೂ ಕಡಿಮೆಯಾಗಿಲ್ಲ, ಕಾವು ಮಾತ್ರ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅದೇ ನೀರಿಗೆ ಈಗ 38 ನಿಮಿಷ. ಎಲಿಮೆಂಟು, ಥರ್ಮೋಸ್ಟ್ಯಾಟು ಎರಡನ್ನೂ ಬದಲಾಯಿಸಿ ದುಡ್ಡು ತೆತ್ತ ಮೇಲೂ ನೀರು ಬೆಚ್ಚಗಾಗದ ಮನೆಗಳ ರಹಸ್ಯ ಇದು. ಪಂಪಿನ ಕಸುಬಿನವರು ಬಂದೊಡನೆ ವೋಲ್ಟು ನೋಡುತ್ತಾರೆ, ಮೋಟಾರು ಅವರಿಗೆ ಆ ಪಾಠವನ್ನು ಸುಟ್ಟೇ ಕಲಿಸಿರುತ್ತದೆ.

ಬೋರಿನ ಗಡಸು ನೀರು ಇನ್ನೊಂದು ಶತ್ರು. ಎಲಿಮೆಂಟಿನ ಮೇಲೆ ಸುಣ್ಣದ ಪರೆ ಕೂತು, ಕಾವು ನೀರಿಗೆ ಹೋಗದೆ ಒಳಗೇ ಉಳಿದು ತಂತಿ ಬೇಯುತ್ತದೆ. ಹಂಡೆಯ ತಳದಲ್ಲೂ ಈ ಪರೆ ಕೂರುತ್ತಿತ್ತು. ಅಲ್ಲಿ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಮುಗಿಯಿತು.

ಗ್ಯಾಸ್ ಗೀಸರಿನದು ಬೇರೆ ಕಥೆ. ಅದರಲ್ಲಿ ಮನೆಯ ಕರೆಂಟಿಗೆ ಕೆಲಸವಿಲ್ಲ, ಎರಡು ದಪ್ಪ ಸೆಲ್ಲುಗಳೇ ಯಜಮಾನರು. ನಲ್ಲಿ ತಿರುಗಿಸಿದರೆ ನೀರಿನ ಒತ್ತಡಕ್ಕೆ ಒಂದು ರಬ್ಬರ್ ಪರದೆ ಉಬ್ಬಿ ಸಣ್ಣ ಸ್ವಿಚ್ಚನ್ನು ನೂಕುತ್ತದೆ. ಆಗ ಕಿಡಿ ಟಕಟಕ ಹಾರುತ್ತದೆ, ಗ್ಯಾಸಿನ ವಾಲ್ವು ತೆರೆಯುತ್ತದೆ, ಉರಿ ಹತ್ತಿದೆಯೆಂದು ಒಂದು ಕಡ್ಡಿ ಸಾಕ್ಷಿ ಹೇಳಿದರೆ ಮಾತ್ರ ಗ್ಯಾಸು ಮುಂದುವರಿಯುತ್ತದೆ. ಕಿಡಿಯೇ ಇಲ್ಲವೆಂದರೆ ಮೊದಲು ಸೆಲ್ಲು ಬದಲಿಸಿ. ಸೆಲ್ಲು ಹೊಸದಾದರೂ ಹತ್ತದಿದ್ದರೆ ತಾರಸಿಯ ಟ್ಯಾಂಕು ತಗ್ಗಿನಲ್ಲಿದೆ, ಪರದೆ ಉಬ್ಬುವಷ್ಟು ಒತ್ತಡವಿಲ್ಲ. ಹತ್ತಿ ಕೂಡಲೇ ಆರಿದರೆ ಸಾಕ್ಷಿ ಕಡ್ಡಿಗೆ ಮಸಿ ಹಿಡಿದಿದೆ. ಇಷ್ಟೆಲ್ಲ ಜಾಣತನವಿರುವ ಪೆಟ್ಟಿಗೆಗೆ ಬಚ್ಚಲಿನ ಗಾಳಿ ಕೆಟ್ಟಿರುವುದು ತಿಳಿಯುವುದಿಲ್ಲ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಗ್ಯಾಸು ಅರೆಬರೆ ಉರಿದು ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒಲೆಯ ಬಾಯನ್ನು ಹಿತ್ತಿಲಿಗೆ ತೆರೆದಿಟ್ಟಿದ್ದ ಹಿಂದಿನವರು ಹೊಗೆಯನ್ನು ಕಣ್ಣಲ್ಲಿ ಕಾಣುತ್ತಿದ್ದರು, ಆದ್ದರಿಂದ ಬದುಕಿದರು. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೋಡೆಗೆ ಹಾಕಬೇಕು ಎಂಬ ಸಲಹೆಗೆ ಇಂದಿಗೂ ಜನ ಕೊಡುವ ಉತ್ತರ, ‘ಪೈಪಿನ ಖರ್ಚು ಜಾಸ್ತಿ ಆಯ್ತದೆ.’

ಈಗ ಮಂಡ್ಯದ ಹೊಸ ಬಡಾವಣೆಗಳ ತಾರಸಿಗಳ ಮೇಲೆ ಸೋಲಾರ್ ಟ್ಯಾಂಕುಗಳು ಮಲಗಿವೆ. ಮೋಡ ಕವಿದ ವಾರಕ್ಕೆಂದು ಅದರೊಳಗೂ ಒಂದು ಕಾಯ್ಲು ಇಟ್ಟಿರುತ್ತಾರೆ, ವರ್ಷಕ್ಕೆ ನಾಲ್ಕು ದಿನ ಹಾಕುವ ಅದರ ಸ್ವಿಚ್ಚು ಎಲ್ಲಿದೆಯೆಂಬುದೇ ಮರೆತಿರುತ್ತದೆ. 2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ, ಬಿಲ್ಲಿಗೆ ಹೆದರಿ ದೂರವಿದ್ದ ಮನೆಗಳಿಗೂ ಗೀಸರಿನ ಆಸೆ ಹುಟ್ಟಿದ್ದರೆ ಸೋಜಿಗವಿಲ್ಲ. ತಾಮ್ರದ ಹಂಡೆಗಳು ಎಷ್ಟೋ ಮನೆಗಳಿಂದ ತೂಕದ ಲೆಕ್ಕದಲ್ಲಿ ಗುಜರಿ ಸೇರಿದವು. ಉಳಿದವು ಅಟ್ಟ ಹತ್ತಿದವು.

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮಾತ್ರ ಅವು ಕೆಳಗಿಳಿಯುತ್ತವೆ. ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬೇಲಿಯ ಹಸಿರು ಬಳ್ಳಿ ಸುತ್ತಿ ಸಂಜೆಗೆ ನೀರು ತುಂಬುತ್ತಾರೆ. ಹಂಡೆಯಿಲ್ಲದ ಮನೆಯವರು ಕುಂಕುಮವನ್ನು ಗೀಸರಿನ ಬಿಳಿ ಹೊಟ್ಟೆಗೆ ಇಡುತ್ತಾರೆ. ಮರುದಿನ ನರಕ ಚತುರ್ದಶಿ. ಬೆಳಗಿನ ನಾಲ್ಕು ಗಂಟೆಗೆ ಊರಿನ ಎಲ್ಲ ಗೀಸರುಗಳೂ ಒಟ್ಟಿಗೆ ಹತ್ತಿ, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ಬಲ್ಬುಗಳು ಮಂಕಾಗುತ್ತವೆ. ತಲೆಗೆ ಎಣ್ಣೆ ಇಟ್ಟುಕೊಂಡ ಮಕ್ಕಳು ಬಚ್ಚಲ ಬಾಗಿಲಲ್ಲಿ ನಡುಗುತ್ತ ನಿಂತಿರುತ್ತವೆ, ಎಲೆಕ್ಟ್ರಿಷಿಯನ್ನನ ಫೋನು ರಿಂಗಾಗುತ್ತಲೇ ಇರುತ್ತದೆ. ಹಂಡೆ ಹೊತ್ತಿಸಿದ ಮನೆಯಲ್ಲಿ ಅಷ್ಟು ಹೊತ್ತಿಗೆ ಎರಡನೇ ಸಲ ನೀರು ತುಂಬಿರುತ್ತಾರೆ.